ಅಂಗನವಾಡಿಯ ಅಂಗಳಕ್ಕೆ ಸಿಮೆಂಟ್ ಹಾಕುವ ಮೊದಲು
ಗ್ರಾಮ ಪಂಚಾಯಿತಿ ಸದಸ್ಯರಿಗೆ ಒಂದು ಬಹಿರಂಗ ಪತ್ರ



ಅಂಗನವಾಡಿಗೆಂದು ನಿಮ್ಮ ಕ್ರಿಯಾ ಯೋಜನೆಯಲ್ಲಿ ಸೇರುವ ಕಾಮಗಾರಿಗಳು ಹೆಚ್ಚೂಕಡಿಮೆ ಎಲ್ಲ ಊರುಗಳಲ್ಲೂ ಒಂದೇ: ಕಾಂಪೌಂಡು, ಶೌಚಾಲಯ, ನಲ್ಲಿ, ಗೋಡೆಗೆ ಬಣ್ಣ, ಅಂಗಳಕ್ಕೆ ಸಿಮೆಂಟು ಅಥವಾ ಇಂಟರ್‌ಲಾಕ್ ಇಟ್ಟಿಗೆ. ಮೊದಲ ಮೂರು ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕೊನೆಯ ಎರಡರ ವಿಷಯದಲ್ಲಿ, ಎಸ್ಟಿಮೇಟಿಗೆ ಸಹಿ ಬೀಳುವ ಮೊದಲು ನನ್ನದೊಂದು ಅಹವಾಲು ಕೇಳಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಇದನ್ನು ಅಂಗನವಾಡಿ ಕಾರ್ಯಕರ್ತೆಯರಿಗೆ ಬರೆಯಬಹುದಿತ್ತು. ಆದರೆ ಅವರಿಗೆ ಹೊಸದಾಗಿ ಹೇಳಬೇಕಾದ್ದು ಹೆಚ್ಚಿಲ್ಲ. ಚಿಕ್ಕ ಮಕ್ಕಳಿಗೆ ಆಟದ ಮೂಲಕವೇ ಕಲಿಸಬೇಕು ಎಂಬುದನ್ನು ತರಬೇತಿಗಳಲ್ಲಿ ಅವರು ಕೇಳಿಸಿಕೊಂಡಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಬುನಾದಿ ಹಂತವೆಂದು ಕರೆದು, ಆಟವನ್ನೇ ಅದರ ಮುಖ್ಯ ದಾರಿಯಾಗಿಸಿತು. 2022ರಲ್ಲಿ ಬಂದ ಪಠ್ಯಕ್ರಮ ಚೌಕಟ್ಟು ಅದನ್ನೇ ಬಿಡಿಸಿ ಹೇಳಿತು. ಆದರೆ ಅಂಗಳದ ನೆಲ, ನೆರಳು, ಬೇಲಿ, ಕೋಣೆಯ ಗೋಡೆ, ಕಪಾಟಿನ ಎತ್ತರ, ಇವು ಯಾವುವೂ ಕಾರ್ಯಕರ್ತೆಯ ಕೈಯಲ್ಲಿಲ್ಲ. ಅವುಗಳಲ್ಲಿ ಬಹುಪಾಲು ನಿಮ್ಮ ಕೈಯಲ್ಲಿವೆ. ಪಂಚಾಯಿತಿಗಳಿಗೆ ವಹಿಸಬಹುದೆಂದು ಸಂವಿಧಾನದ 11ನೇ ಅನುಸೂಚಿ ಪಟ್ಟಿ ಮಾಡಿದ 29 ವಿಷಯಗಳಲ್ಲಿ 25ನೆಯದು ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ. ರಸ್ತೆ, ಚರಂಡಿ, ಬೀದಿದೀಪದಷ್ಟೇ ಇದೂ ನಿಮ್ಮ ಕೆಲಸ.

ಅಂಗಳಕ್ಕೆ ಸಿಮೆಂಟು ಹಾಕಿಸಲು ನಿಮಗಿರುವ ಕಾರಣಗಳು ನನಗೆ ಅರ್ಥವಾಗುತ್ತವೆ. ಮಳೆ ಬಂದರೆ ಕೆಸರು. ಬಟ್ಟೆ ಕೊಳೆಯಾಯಿತೆಂದು ತಾಯಂದಿರ ದೂರು. ಹುಲ್ಲು ಬೆಳೆದರೆ ಹಾವಿನ ಭಯ. ಜೊತೆಗೆ ಸಿಮೆಂಟು ಕೆಲಸವನ್ನು ಅಳೆಯುವುದು ಸುಲಭ, ಬಿಲ್ ಮಾಡುವುದು ಸುಲಭ, ಫೋಟೊದಲ್ಲಿ ತೋರಿಸುವುದೂ ಸುಲಭ. ಮಣ್ಣನ್ನು ಮಣ್ಣಾಗಿಯೇ ಉಳಿಸಿದ್ದಕ್ಕೆ ಅಳತೆ ಪುಸ್ತಕದಲ್ಲಿ ಕಾಲಂ ಇಲ್ಲ. ಆದರೂ ಆ ಮಣ್ಣಿನಲ್ಲಿ ಏನು ನಡೆಯುತ್ತದೆಂದು ಒಮ್ಮೆ ಕೂತು ನೋಡಿದರೆ, ಅದನ್ನು ಮುಚ್ಚಲು ನಿಮಗೂ ಮನಸ್ಸು ಬಾರದು ಎಂದು ನಂಬಿದ್ದೇನೆ.

ಕೈಯಿಂದ ಶುರುಮಾಡೋಣ, ಏಕೆಂದರೆ ಪೋಷಕರೆಲ್ಲರ ಒತ್ತಾಯ ಕೈಬರಹದ ಮೇಲೆಯೇ. ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಮಗು ಹುಟ್ಟಿದಾಗ ಅವು ಯಾವುವೂ ಗಟ್ಟಿಯಾಗಿರುವುದಿಲ್ಲ, ಎಲ್ಲವೂ ಮೃದ್ವಸ್ಥಿ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತ ಹೋಗಿ, ಎಂಟನೆಯದು ಎಕ್ಸ್‌ರೇಯಲ್ಲಿ ಕಾಣಿಸುವ ಹೊತ್ತಿಗೆ ಮಗುವಿಗೆ ಒಂಬತ್ತರಿಂದ ಹನ್ನೆರಡು ವರ್ಷ. ಮೂರು ವರ್ಷದ ಮಗುವಿನ ಮಣಿಕಟ್ಟಿನಲ್ಲಿ ಸಾಮಾನ್ಯವಾಗಿ ಎರಡು ಮೂರು ಮೂಳೆಗಳಷ್ಟೇ ಕಾಣುತ್ತವೆ. ಆ ಕೈಗೆ ಸಣ್ಣ ಬಳಪ ಕೊಟ್ಟು, ಗೆರೆಯೊಳಗೆ ಅ ಆ ತಿದ್ದು ಎನ್ನುವುದು ಆ ಕೈಗೆ ಮಾಡುವ ಅನ್ಯಾಯ. ಬರೆಯುವ ಶಕ್ತಿ ಬೆರಳ ತುದಿಯಲ್ಲಿ ಹುಟ್ಟುವುದಿಲ್ಲ. ಅದು ಭುಜದಿಂದ ಮೊಣಕೈಗೆ, ಮೊಣಕೈಯಿಂದ ಮಣಿಕಟ್ಟಿಗೆ, ಆಮೇಲೆ ಬೆರಳಿಗೆ ಇಳಿದು ಬರುತ್ತದೆ. ಒದ್ದೆ ಮರಳು ತುಂಬಿದ ಡಬ್ಬಿ ಹೊತ್ತು ನಡೆಯುವುದು, ಕೊಂಬೆಗೆ ಜೋತುಬೀಳುವುದು, ಜೇಡಿಮಣ್ಣು ನಾದಿ ರೊಟ್ಟಿ ತಟ್ಟುವುದು, ಹುಣಸೆಬೀಜ ಒಂದೊಂದೇ ಹೆಕ್ಕಿ ಬಾಟಲಿಗೆ ಹಾಕುವುದು, ಇವೇ ಅಕ್ಷರಾಭ್ಯಾಸದ ಪೂರ್ವಸಿದ್ಧತೆ. ಸಿಮೆಂಟಿನ ಅಂಗಳದಲ್ಲಿ ಇವುಗಳಲ್ಲಿ ಯಾವುದಕ್ಕೂ ಜಾಗವಿಲ್ಲ. ಅಲ್ಲಿ ಓಡಬಹುದು, ಬಿದ್ದು ಮಂಡಿ ತರಚಿಕೊಳ್ಳಬಹುದು, ಅಷ್ಟೆ.

ಲೆಕ್ಕವೂ ಅಲ್ಲೇ ಶುರುವಾಗುತ್ತದೆ. ಅಗಲವಾದ ಬೋಗುಣಿಯ ನೀರನ್ನು ಉದ್ದನೆಯ ಲೋಟಕ್ಕೆ ಸುರಿದು ತೋರಿಸಿ, ಈಗ ನೀರು ಹೆಚ್ಚಾಯಿತೇ ಎಂದು ನಾಲ್ಕು ವರ್ಷದ ಮಗುವನ್ನು ಕೇಳಿ. ಬಹುತೇಕ ಮಕ್ಕಳು ಹೌದು ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಇದನ್ನು ಗುರುತಿಸಿ, ಪಾತ್ರೆ ಬದಲಾದರೂ ಅಳತೆ ಬದಲಾಗದು ಎಂಬ ತಿಳಿವು ಸಾಮಾನ್ಯವಾಗಿ ಆರು ಏಳು ವರ್ಷದ ಹೊತ್ತಿಗೆ ಬರುತ್ತದೆ ಎಂದು ತೋರಿಸಿದರು. ಬಾಯಿಪಾಠದಿಂದ ಆ ತಿಳಿವು ಬರುವುದಿಲ್ಲ. ಪಾವು, ಸೇರು, ಚೊಂಬು, ತಂಬಿಗೆ ಹಿಡಿದು, ಸುರಿದು, ಚೆಲ್ಲಿ, ಮತ್ತೆ ತುಂಬಿ ಮಗು ತಾನೇ ಅದನ್ನು ಕಂಡುಕೊಳ್ಳಬೇಕು. ಅದಕ್ಕೆ ಬೇಕಾದ್ದು ಮಗುವಿನ ಎತ್ತರಕ್ಕೊಂದು ನಲ್ಲಿ, ಚೆಲ್ಲಿದರೂ ನೀರು ಇಂಗಿಹೋಗುವ ನೆಲ. ನೂರರವರೆಗೆ ಒಂದೇ ಉಸಿರಿಗೆ ಹೇಳುವ ಮಗುವನ್ನು ಕಂಡರೆ ನಮಗೆಲ್ಲ ಹೆಮ್ಮೆ. ಆ ಮಗುವಿಗೆ ಏಳು ಬೀಜ ಎಣಿಸಿ ಕೊಡು ಎಂದರೆ ಎಣಿಸಲು ಬರುತ್ತದೆಯೇ ಎಂದು ಕೇಳುವವರು ಕಡಿಮೆ.

ದೇಹದ ಸಮತೋಲ ಕಿವಿಯೊಳಗಿನ ಅಂಗವೊಂದನ್ನು ಅವಲಂಬಿಸಿದೆ. ತೂಗಾಡಿದಾಗ, ಗಿರಕಿ ಹೊಡೆದಾಗ, ದಿಬ್ಬದಿಂದ ಉರುಳಿದಾಗ ಅದಕ್ಕೆ ಕೆಲಸ ಸಿಗುತ್ತದೆ. ಚಾಪೆಯ ಮೇಲೆ ನೆಟ್ಟಗೆ ಕೂತು ಕತೆ ಕೇಳುವ ಸಾಮರ್ಥ್ಯವೂ ದೇಹದ ಈ ಹಿಡಿತದಿಂದಲೇ ಬರುವುದು. ಕೂರುವುದಿಲ್ಲ, ಸುಮ್ಮನಿರುವುದಿಲ್ಲ ಎಂದು ನಾವು ಗದರುವ ಎಷ್ಟೋ ಮಕ್ಕಳಿಗೆ ನಿಜವಾಗಿ ಬೇಕಿರುವುದು ಇನ್ನಷ್ಟು ಓಡಾಟ. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಚಲಿಸುವ ಚಟುವಟಿಕೆಯಲ್ಲಿರಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಆಟವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಹಳ್ಳಿಯ ಮಕ್ಕಳು ಹೇಗೂ ಹೊರಗೇ ಇರುತ್ತಾರಲ್ಲ ಎನ್ನಬೇಡಿ. ಮೊಬೈಲು ಹಳ್ಳಿಯ ಮನೆಗಳಿಗೂ ಬಂದಿದೆ. ಬೀದಿಯಲ್ಲಿ ಬೈಕು, ಟ್ರ್ಯಾಕ್ಟರುಗಳ ಭರಾಟೆ. ಹೆಣ್ಣುಮಗುವಾದರೆ ನಾಲ್ಕನೇ ವಯಸ್ಸಿಗೇ ತಮ್ಮನನ್ನು ಎತ್ತಿಕೊಳ್ಳುವ ಕೆಲಸ ಕಾದಿರುತ್ತದೆ. ಅವಳಿಗೆ ಯಾರ ಹಂಗೂ ಇಲ್ಲದೆ ಓಡಲು ಸಿಗುವ ಒಂದೇ ಜಾಗ ಅಂಗನವಾಡಿಯ ಅಂಗಳವಾಗಿರಬಹುದು.

ಕಣ್ಣಿನ ವಿಷಯವೂ ಇದೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಮಕ್ಕಳನ್ನು ಹೊರಗೆ ಬಿಟ್ಟರು. ಮೂರು ವರ್ಷಗಳ ನಂತರ ಸಮೀಪದೃಷ್ಟಿ ದೋಷ ಹೊಸದಾಗಿ ಕಾಣಿಸಿಕೊಂಡದ್ದು ಆ ಮಕ್ಕಳಲ್ಲಿ ಶೇ 30.4, ಉಳಿದವರಲ್ಲಿ ಶೇ 39.5. ಆ 40 ನಿಮಿಷ ಮಕ್ಕಳಿಗೆ ಸಿಕ್ಕದ್ದು ಬಯಲಿನ ಬೆಳಕು. ಅದು ನಮ್ಮಲ್ಲಿ ಪುಕ್ಕಟೆಯಾಗಿ ಸಿಗುತ್ತದೆ.

ಮಣ್ಣು ಕೊಳೆ, ಮಣ್ಣಿನಿಂದ ರೋಗ ಎಂಬ ಮಾತಿಗೆ ನೇರವಾಗಿ ಉತ್ತರಿಸಬೇಕು. ಫಿನ್ಲೆಂಡಿನಲ್ಲಿ ಜಲ್ಲಿ ಹಾಸಿದ್ದ ಶಿಶುವಿಹಾರದ ಅಂಗಳಗಳಿಗೆ ಕಾಡಿನ ನೆಲದ ಮಣ್ಣು, ಹುಲ್ಲಿನ ಹಾಸು ತಂದು ಹಾಕಿ, ಮೂರರಿಂದ ಐದು ವರ್ಷದ ಮಕ್ಕಳನ್ನು 28 ದಿನ ಆಡಲು ಬಿಟ್ಟು ಪರೀಕ್ಷಿಸಿದರು. ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತ್ತು. ರಕ್ತದಲ್ಲಿ ರೋಗನಿರೋಧ ವ್ಯವಸ್ಥೆಯನ್ನು ಹದದಲ್ಲಿಡುವ ಗುರುತುಗಳೂ ಉತ್ತಮಗೊಂಡಿದ್ದವು. 2020ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಆದರೆ ಅಲ್ಲಿಯ ಮಣ್ಣು ಬೇರೆ, ನಮ್ಮೂರ ಮಣ್ಣು ಬೇರೆ. ಬಯಲು ಶೌಚ ಇನ್ನೂ ಪೂರ್ತಿ ನಿಲ್ಲದ ಕಡೆ, ನಾಯಿ ಬೆಕ್ಕು ಹಂದಿ ನುಗ್ಗುವ ಕಡೆ ಮಣ್ಣಿನಲ್ಲಿ ಹುಳುವಿನ ಮೊಟ್ಟೆಗಳಿರುತ್ತವೆ. ಇದಕ್ಕೆ ಪರಿಹಾರ ಗಟ್ಟಿ ಬೇಲಿ, ಮುಚ್ಚುವ ಗೇಟು, ರಾತ್ರಿ ಮರಳಗುಂಡಿಗೆ ಹೊದಿಸುವ ಟಾರ್ಪಾಲು, ಆಟವಾದ ಮೇಲೆ ಸೋಪಿನಲ್ಲಿ ಕೈ ತೊಳೆಯುವ ಅಭ್ಯಾಸ, ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಕೊಡುವ ಮಾತ್ರೆ. ಕಾಂಪೌಂಡು ಆಗಲೇಬೇಕು ಎಂದು ಮೊದಲೇ ಹೇಳಿದ್ದು ಈ ಕಾರಣಕ್ಕೇ.

ಸುರಕ್ಷತೆಯ ಮಾತು ಬಂದಾಗ ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ಮಗು ಮಣ್ಣಿನಲ್ಲಿ ಬಿದ್ದರೆ ಮೊಣಕಾಲು ತರಚೀತು. ಮುಚ್ಚಳ ಸರಿಯಿಲ್ಲದ ಸಂಪಿಗೆ ಬಿದ್ದರೆ ಜೀವ ಹೋಗುತ್ತದೆ. ಅಂಗನವಾಡಿಯ ಸುತ್ತಮುತ್ತ ತೆರೆದ ಸಂಪು, ತೆರೆದ ಬಾವಿ, ಜೋತುಬಿದ್ದ ವಿದ್ಯುತ್ ತಂತಿ ಇದ್ದರೆ ಬೇರೆಲ್ಲ ಕಾಮಗಾರಿಗಿಂತ ಮೊದಲು ಅದನ್ನು ಸರಿಪಡಿಸಿ.

ಇನ್ನು ಜಾರುಬಂಡೆ, ಉಯ್ಯಾಲೆ. ಆಟದ ಸಾಮಾನು ಎಂದಕೂಡಲೇ ಕಬ್ಬಿಣದ ಜಾರುಬಂಡೆಯೊಂದನ್ನು ತಂದು ನಿಲ್ಲಿಸಿ ಉದ್ಘಾಟನೆ ಮಾಡುವುದು ವಾಡಿಕೆ. ಜಾರುಬಂಡೆ ಬೇಡವೆನ್ನುತ್ತಿಲ್ಲ. ಆದರೆ ಇಪ್ಪತ್ತು ಮಕ್ಕಳಿಗೆ ಒಂದು ಜಾರುಬಂಡೆ ಇದ್ದರೆ ಹತ್ತೊಂಬತ್ತು ಮಕ್ಕಳು ಸಾಲಿನಲ್ಲಿ ನಿಂತಿರುತ್ತಾರೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಆ ತಗಡು ಕಾದು, ಮಗುವಿನ ತೊಡೆ ಸುಡುವುದನ್ನು ಯಾರೂ ಯೋಚಿಸಿರುವುದಿಲ್ಲ. ಸೈಮನ್ ನಿಕೋಲ್ಸನ್ ಎಂಬಾತ 1971ರಲ್ಲಿ ಒಂದು ಲೇಖನ ಬರೆದರು. ಒಂದು ಪರಿಸರದಲ್ಲಿ ಅತ್ತಿತ್ತ ಸಾಗಿಸಬಹುದಾದ, ಜೋಡಿಸಿ ಬಿಚ್ಚಬಹುದಾದ ಬಿಡಿ ವಸ್ತುಗಳು ಹೆಚ್ಚಿದಷ್ಟೂ ಅಲ್ಲಿ ಸೃಜನಶೀಲತೆ ಹೆಚ್ಚುತ್ತದೆ ಎಂಬುದು ಅವರ ವಾದ. ನಮ್ಮ ಊರುಗಳಿಗೆ ಇದು ಹೇಳಿ ಮಾಡಿಸಿದಂತಿದೆ. ತೆಂಗಿನ ಕರಟ, ಅಡಕೆ ಹಾಳೆ, ಬಿದಿರಿನ ತುಂಡು, ಹಳೆಯ ಟೈರು, ಮರ ಕೊಯ್ಯುವ ಮಿಲ್ಲಿನಲ್ಲಿ ಉಳಿದ ತುಂಡುಗಳು, ನುಣುಪು ಕಲ್ಲು, ಹಳೆ ಸೀರೆ. ಅಡಕೆ ಹಾಳೆ ಒಂದು ಗಳಿಗೆ ಗಾಡಿ, ಮರುಗಳಿಗೆ ತೊಟ್ಟಿಲು, ಆಮೇಲೆ ಮಳೆಗೆ ಕೊಡೆ. ಜಾರುಬಂಡೆ ಯಾವಾಗಲೂ ಜಾರುಬಂಡೆಯೇ. ಒಂದು ಲೋಡು ಮಣ್ಣು ತರಿಸಿ ಮೂರಡಿಯ ದಿಬ್ಬ ಮಾಡಿಸಿದರೆ ಹತ್ತಲು, ಇಳಿಯಲು, ಉರುಳಲು, ಅಗೆಯಲು ಇಪ್ಪತ್ತು ಮಕ್ಕಳಿಗೂ ಏಕಕಾಲಕ್ಕೆ ಜಾಗ. ಮರಳಗುಂಡಿಗೆ ಎಂ-ಸ್ಯಾಂಡ್ ಸುರಿಸಬೇಡಿ. ಕಲ್ಲು ಪುಡಿಮಾಡಿ ಮಾಡಿದ ಅದು ಚೂಪು, ಅದರ ಧೂಳು ಮಕ್ಕಳ ಶ್ವಾಸಕ್ಕೆ ಕೆಟ್ಟದ್ದು. ತೊಳೆದು ಜರಡಿ ಹಿಡಿದ ನೈಸರ್ಗಿಕ ಮರಳು ಒಂದಿಷ್ಟು ಸಿಕ್ಕರೆ ಸಾಕು. ಸಿಗದಿದ್ದರೆ ಮಣ್ಣೇ ಸಾಕು.

ಹೊರಗಿನಷ್ಟೇ ಒಳಗೂ ಮುಖ್ಯ. ಕೋಣೆಯೊಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಗೋಡೆ. ಅಕ್ಷರಮಾಲೆ, ಮಗ್ಗಿ, ಹಣ್ಣು, ತರಕಾರಿ, ರಾಷ್ಟ್ರನಾಯಕರು, ಕಾರ್ಟೂನು, ಯೋಜನೆಗಳ ವಿವರ, ಒಂದಿಂಚೂ ಖಾಲಿ ಬಿಡದೆ ಬಣ್ಣ. ಬಣ್ಣ ಬಳಿಸಿದ ನಿಮ್ಮ ಅಕ್ಕರೆಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗ ಇಲ್ಲಿ ನೆನಪಿಸಿಕೊಳ್ಳುವಂಥದ್ದು. 24 ಪುಟ್ಟ ಮಕ್ಕಳಿಗೆ ಚಿತ್ರಗಳಿಂದ ತುಂಬಿದ ಕೋಣೆಯಲ್ಲಿ ಕೆಲವು ಪಾಠ, ಖಾಲಿ ಗೋಡೆಯ ಕೋಣೆಯಲ್ಲಿ ಕೆಲವು ಪಾಠ ಮಾಡಿದರು. ಪರೀಕ್ಷೆಯಲ್ಲಿ ಸರಿಯುತ್ತರ ಬಂದದ್ದು ಖಾಲಿ ಕೋಣೆಯ ಪಾಠಗಳಿಗೆ ಶೇ 55, ತುಂಬಿದ ಕೋಣೆಯವಕ್ಕೆ ಶೇ 42. ಪುಟ್ಟ ಮಕ್ಕಳ ಗಮನ ಬೇಗ ಚೆದುರುತ್ತದೆ. ಗೋಡೆಗೆ ಒಂದೇ ತಿಳಿಬಣ್ಣ ಹೊಡೆಸಿ. ನೆಲದಿಂದ ಮೂರಡಿಯವರೆಗೆ ಕಪ್ಪು ಬಣ್ಣದ ಪಟ್ಟಿ ಬಿಡಿಸಿ, ಮಕ್ಕಳೇ ಅದರ ಮೇಲೆ ಗೀಚಲಿ. ಚಿತ್ರ ತೂಗುಹಾಕುವುದಿದ್ದರೆ ಮಕ್ಕಳು ಬಿಡಿಸಿದ್ದು ಇರಲಿ, ಅವರ ಕಣ್ಣಿನ ಎತ್ತರಕ್ಕೆ ಇರಲಿ.

ಆಮೇಲೆ ಬೀರು. ನಾನು ನೋಡಿದ ಎಷ್ಟೋ ಅಂಗನವಾಡಿಗಳಲ್ಲಿ ಆಟದ ಸಾಮಾನು ಬೀಗ ಹಾಕಿದ ಬೀರುವಿನಲ್ಲಿ, ಕವರು ಕೂಡ ಬಿಚ್ಚದೆ ಕೂತಿರುತ್ತದೆ. ಟೀಚರಮ್ಮನಿಗೆ ಆಟ ಆಡಿಸುವ ಮನಸ್ಸಿಲ್ಲವೆಂದಲ್ಲ. ದಾಸ್ತಾನು ಪುಸ್ತಕದಲ್ಲಿ ಇಪ್ಪತ್ತು ತುಂಡು ಎಂದು ಬರೆದಿದ್ದರೆ, ತಪಾಸಣೆಯ ದಿನ ಇಪ್ಪತ್ತೂ ಇರಬೇಕು ಎಂಬ ಭಯ. ಮಕ್ಕಳು ಆಡಿದರೆ ಸಾಮಾನು ಸವೆಯುತ್ತದೆ, ಮುರಿಯುತ್ತದೆ, ಒಂದೆರಡು ಜೇಬಿನಲ್ಲಿ ಮನೆಗೂ ಹೋಗುತ್ತವೆ. ಇದನ್ನು ಸರಿಪಡಿಸುವುದು ನಿಮ್ಮಿಂದ ಆಗುತ್ತದೆ. ಬಾಲ ವಿಕಾಸ ಸಮಿತಿಯ ಸಭೆಯಲ್ಲಿ ಕೂತು, ಆಟದಲ್ಲಿ ಮುರಿದ ಸಾಮಾನಿಗೆ ಕಾರ್ಯಕರ್ತೆಯನ್ನು ಹೊಣೆ ಮಾಡಬಾರದೆಂದು ನಿರ್ಣಯ ಮಾಡಿ ಮೇಲ್ವಿಚಾರಕಿಗೆ ಕಳಿಸಿ. ಬೀರುವಿನ ಬದಲು ಎರಡಡಿ ಎತ್ತರದ, ಬಾಗಿಲಿಲ್ಲದ ಮರದ ಕಪಾಟು ಊರಿನ ಬಡಗಿಯಿಂದಲೇ ಮಾಡಿಸಿ. ಮಗು ತನಗೆ ಬೇಕಾದ್ದನ್ನು ತಾನೇ ಆರಿಸಿ, ಆಡಿ, ಅದೇ ಜಾಗದಲ್ಲಿ ತಿರುಗಿ ಇಡುವುದೂ ದೊಡ್ಡ ಕಲಿಕೆಯೇ. ಆಯ್ಕೆ ಮಾಡುವುದನ್ನು, ಮುಗಿಸುವುದನ್ನು, ಇನ್ನೊಬ್ಬರ ಸರದಿಗೆ ಕಾಯುವುದನ್ನು ಮಗು ಕಲಿಯುವುದು ಹೀಗೆ.

ಕೋಣೆಯ ಒಂದು ಮೂಲೆಯಲ್ಲಿ ಹಳೆ ತಟ್ಟೆ ಲೋಟ, ತಕ್ಕಡಿ, ಸೀರೆ, ಬಟ್ಟೆಗೊಂಬೆ ಇಡಲು ಹೇಳಿ. ಐದೇ ನಿಮಿಷದಲ್ಲಿ ಅಲ್ಲಿ ಸಂತೆ ನೆರೆಯುತ್ತದೆ. ಒಬ್ಬಳು ಟೊಮೆಟೊ ಮಾರುತ್ತಾಳೆ, ಇನ್ನೊಬ್ಬ ಚೌಕಾಸಿ ಮಾಡುತ್ತಾನೆ, ಮತ್ತೊಬ್ಬಳು ಮಗುವಿಗೆ ಜ್ವರ ಬಂದಿದೆಯೆಂದು ಡಾಕ್ಟರ ಹತ್ತಿರ ಓಡುತ್ತಾಳೆ. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು ಆಡುವ ಮಗುವಿನ ಬಾಯಿಗೆ ಕನ್ನಡ ಹತ್ತುವುದು ಈ ಮೂಲೆಯಲ್ಲಿ. ಪಟ್ಟಿ ನೋಡಿ ಒಪ್ಪಿಸುವಾಗ ಆಡದ ಉದ್ದುದ್ದ ವಾಕ್ಯಗಳನ್ನು ಅವರು ಇಲ್ಲಿ ಆಡುತ್ತಾರೆ. ಕಲ್ಲನ್ನು ಆಲೂಗಡ್ಡೆ ಎಂದು ಒಪ್ಪಿಕೊಂಡ ಮಗುವಿಗೆ, ಮುಂದೆ ಒಂದು ಗೆರೆಯನ್ನು ‘ಕ’ ಎಂದು ಒಪ್ಪಿಕೊಳ್ಳುವುದು ಕಷ್ಟವಾಗುವುದಿಲ್ಲ. ಓದು ಎಂದರೆ ಒಂದರ ಬದಲು ಇನ್ನೊಂದನ್ನು ಮನಸ್ಸಿನಲ್ಲಿ ನಿಲ್ಲಿಸುವುದೇ ಅಲ್ಲವೇ? ಗೊಂಬೆ ಕೊಳ್ಳುವುದಿದ್ದರೆ ಪ್ಲಾಸ್ಟಿಕ್ ಬಿಟ್ಟು ಚನ್ನಪಟ್ಟಣದ ಕಡೆ ನೋಡಿ. ಆಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಗಿರಗಟ್ಟಲೆ, ಬಳೆಗೋಪುರಗಳು ವರ್ಷಗಟ್ಟಲೆ ಬಾಳುತ್ತವೆ. ಕೊಪ್ಪಳದ ಸುತ್ತಮುತ್ತಲಿನವರಿಗೆ ಕಿನ್ನಾಳವೂ ಹತ್ತಿರವಿದೆ.

ಒಳಗೆ, ಹೊರಗೆ ಎಂದು ನಾನು ಬೇರೆ ಬೇರೆಯಾಗಿ ಬರೆದರೂ ಮಗುವಿಗೆ ಅವೆರಡೂ ಕೂಡಿಕೊಂಡಿರಬೇಕು. ನಮ್ಮ ಹಳೆಯ ಮನೆಗಳ ಜಗಲಿ ಆ ಕೆಲಸ ಮಾಡುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ ಹೊಯ್ಯುವ ಮಲೆನಾಡು, ಕರಾವಳಿಯ ಪಂಚಾಯಿತಿಗಳು ಅಂಗಳಕ್ಕೆ ಹಾಕುವ ಸಿಮೆಂಟಿನ ಹಣದಲ್ಲಿ ಎಂಟಡಿ ಅಗಲದ ಮಾಡಿನ ಜಗಲಿ ಕಟ್ಟಿಸಿದರೆ, ಮಕ್ಕಳಿಗೆ ನಾಲ್ಕು ತಿಂಗಳ ಹೊರಾಂಗಣ ಉಳಿಯುತ್ತದೆ. ಕಲ್ಯಾಣ ಕರ್ನಾಟಕದಲ್ಲಿ ಬೇಕಿರುವುದು ನೆರಳು. ಬೇವು, ಹೊಂಗೆ ಈಗ ನೆಟ್ಟರೆ ಇನ್ನೈದಾರು ವರ್ಷಕ್ಕೆ ನೆರಳಾದೀತು. ಅಲ್ಲಿಯವರೆಗೆ ತೆಂಗಿನ ಗರಿಯ ಚಪ್ಪರವಾದರೂ ಇರಲಿ, ಬೇಸಿಗೆಯಲ್ಲಿ ಹೊರಗಿನ ಆಟ ಬಿಸಿಲೇರುವ ಮೊದಲೇ ಮುಗಿಯಲಿ. ಅಂಗಳವೇ ಇಲ್ಲದ ಬಾಡಿಗೆ ಕೋಣೆಯ ಅಂಗನವಾಡಿಗಳಿಗೆ ಪಕ್ಕದ ಶಾಲೆಯ ಮೈದಾನದ ಒಂದು ಭಾಗವನ್ನು ದಿನಕ್ಕೊಂದು ಗಂಟೆ ಬಿಡಿಸಿಕೊಡಿ. ಜಾಗ ಹುಡುಕುವಾಗ ಊರಿನ ಎಲ್ಲ ಕೇರಿಯ ಮಕ್ಕಳೂ ಅಳುಕಿಲ್ಲದೆ ಕಾಲಿಡಬಹುದಾದ ಜಾಗವನ್ನೇ ಹುಡುಕಿ. ಗುಡಿಯ ಅಂಗಳ ಎಲ್ಲ ಊರಲ್ಲೂ ಎಲ್ಲರದ್ದಲ್ಲ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಗಾಲಿಕುರ್ಚಿಯ ಮಗುವಿದ್ದರೆ ಜಗಲಿಯಿಂದ ಅಂಗಳಕ್ಕೆ ಇಳಿಜಾರು ಇರಲಿ. ಸಿಮೆಂಟು ಬೇಕಾದ್ದು ಅಲ್ಲಿ.

ಇವು ಯಾವುವೂ ಹೊರಗಿನವರ ಹೊಸ ಫ್ಯಾಷನ್ನಲ್ಲ. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಡ ಮಕ್ಕಳ ಶಿಕ್ಷಣದ ಕೆಲಸ ಶುರುಮಾಡಿ, ಆಮೇಲೆ ಕೋಸಬಾಡಿನ ಆದಿವಾಸಿ ಹಾಡಿಗಳಿಗೆ ಅದನ್ನು ಕೊಂಡೊಯ್ದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಮನೆಯಂಗಳಕ್ಕೆ ಹೋಯಿತು. ದುಬಾರಿ ಮಾಂಟೆಸ್ಸರಿ ಉಪಕರಣಗಳ ಬದಲಿಗೆ ಬೀಜ, ಕಲ್ಲು, ಎಲೆಗಳೇ ಅಲ್ಲಿ ಕಲಿಕೆಯ ಸಾಮಗ್ರಿಯಾದವು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ, ಕರ್ನಾಟಕದಲ್ಲಿ ಅದು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಊರಿಗೆ ಬರುವ ಕಾನ್ವೆಂಟಿನ ವ್ಯಾನು ನೋಡಿ, ನಮ್ಮ ಅಂಗನವಾಡಿಯೂ ಹಾಗೇ ಕಾಣಬೇಕು, ಬೆಂಚು ಬೇಕು, ಹೋಂವರ್ಕ್ ಬೇಕು ಎಂದು ಪೋಷಕರು ನಿಮ್ಮ ಬಳಿ ಬಂದು ಕೇಳುತ್ತಾರೆ. ಅವರ ಆಸೆ ದೊಡ್ಡದು, ಅದನ್ನು ತಳ್ಳಿಹಾಕಬೇಡಿ. ಆದರೆ ಕಾನ್ವೆಂಟಿನ ಕೋಣೆಯನ್ನು ನಕಲು ಮಾಡಿ ಅವರ ಮಕ್ಕಳಿಗೆ ಒಳ್ಳೆಯದಾಗುವುದಿಲ್ಲವೆಂದು ಹೇಳುವ ಧೈರ್ಯ ಊರಿನಲ್ಲಿ ನಿಮ್ಮಂಥವರಿಗೇ ಇರಬೇಕು. ಎಷ್ಟೋ ಖಾಸಗಿ ನರ್ಸರಿಗಳಲ್ಲಿ ಮಕ್ಕಳಿಗೆ ಕಾಲಾಡಿಸಲು ಗುಂಟೆ ಜಾಗವಿಲ್ಲ. ನಿಮ್ಮ ಅಂಗನವಾಡಿಯಲ್ಲಿ ಅದಿದ್ದರೆ, ಅದೇ ನಿಮ್ಮ ಊರಿನ ಆಸ್ತಿ.

ವರ್ಷಕ್ಕೊಮ್ಮೆ ನೀವು ಮಕ್ಕಳ ಗ್ರಾಮ ಸಭೆ ನಡೆಸುತ್ತೀರಿ. ಶಾಲೆಯ ಮಕ್ಕಳು ಎದ್ದು ನಿಂತು ಶೌಚಾಲಯ, ಬಸ್ಸು, ಗ್ರಂಥಾಲಯ ಕೇಳುತ್ತಾರೆ. ಮೂರು ವರ್ಷದ ಮಗುವಿಗೆ ಅಲ್ಲಿ ಬಂದು ಮರಳು ಕೊಡಿ, ನೀರು ಕೊಡಿ, ಹತ್ತಲು ದಿಬ್ಬ ಕೊಡಿ ಎಂದು ಕೇಳಲು ಬರುವುದಿಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಮಕ್ಕಳ ಹಕ್ಕೆಂದು ಗುರುತಿಸಿದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಆ ಹಕ್ಕು ಸಂದಾಯವಾಗಬೇಕಾದ ಜಾಗ ನಿಮ್ಮ ವಾರ್ಡಿನಲ್ಲಿದೆ.

ಮುಂದಿನ ಸಾಮಾನ್ಯ ಸಭೆಗೆ ಮೊದಲು ಒಂದು ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಅಂಗನವಾಡಿಗೆ ಹೋಗಿ, ಒಂದು ಗಂಟೆ ಕೂತು ಬನ್ನಿ. ಹಾರ, ಶಾಲು, ಫೋಟೊ ಬೇಡ. ಮಕ್ಕಳು ಎಲ್ಲಿ ಆಡುತ್ತಾರೆ, ಯಾವುದರಲ್ಲಿ ಆಡುತ್ತಾರೆ, ಯಾವ ಮಗು ಮೂಲೆಯಲ್ಲಿ ಸುಮ್ಮನೆ ನಿಂತಿದೆ ಎಂದು ನೋಡಿ. ಹೊರಡುವಾಗ ಟೀಚರಮ್ಮನನ್ನೂ ಸಹಾಯಕಿಯನ್ನೂ, ಅಂಗಳಕ್ಕೆ ಏನು ಬೇಕು, ಕೋಣೆಗೆ ಏನು ಬೇಕು ಎಂದು ಕೇಳಿ ಬರೆದುಕೊಳ್ಳಿ. ಆ ಚೀಟಿಯನ್ನು ಸಭೆಯ ಮುಂದಿಟ್ಟು ಕ್ರಿಯಾ ಯೋಜನೆಗೆ ಸೇರಿಸಿ. ಅಂಗಳಕ್ಕೆ ಸಿಮೆಂಟು ಹಾಕುವ ಕಾಮಗಾರಿ ಪಟ್ಟಿಯಲ್ಲಿದ್ದರೆ, ದಯವಿಟ್ಟು ಅದನ್ನು ತೆಗೆದುಹಾಕಿ.

ಇಂತಿ,
ಅಂಗನವಾಡಿ ಮಕ್ಕಳ ಪರವಾಗಿ,
ನಿಮ್ಮ ವಿಶ್ವಾಸಿ